ಎಲುಬಿನ ಔಷಧಿಯೂ ಮನೆಯ ಲೆಕ್ಕವೂ

ಮನೆಯ ಹಿರಿಯರ ಔಷಧೋಪಚಾರದ ಪ್ರಸಂಗದಲ್ಲಿ ಹಣದ ಮಾತನ್ನೆತ್ತುವುದು ನಮ್ಮ ಕುಟುಂಬಗಳಲ್ಲಿ ಬಹಳ ಅಳುಕಿನ ವಿಷಯ. ಎತ್ತಿದವನನ್ನು ಕೃತಘ್ನನೆನ್ನುತ್ತಾರೆ. ಆದುದರಿಂದ ಅನೇಕ ಮನೆಗಳಲ್ಲಿ ಈ ವಿಚಾರ ಬಾಯಿಬಿಟ್ಟು ನಡೆಯುವುದೇ ಇಲ್ಲ. ವೈದ್ಯರು ಬರೆದ ಚೀಟಿ ಗೋಡೆಯ ಮಾಡದಲ್ಲಿಯೇ ಉಳಿಯುತ್ತದೆ, ಇಲ್ಲವೆ ಸಾಲದ ಮೇಲೆ ಸಾಲವಾಗುತ್ತದೆ. ಅಂಥದೊಂದು ಸಂಗತಿಯನ್ನು ಈ ತಿಂಗಳು ಓದುಗ ಬಂಧುಗಳ ಮುಂದಿಡಬೇಕೆಂದು ಬಯಸಿದ್ದೇನೆ.

ಹುಕ್ಕೇರಿ ತಾಲೂಕಿನ ಹಳ್ಳಿಯೊಂದರಿಂದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅವರ ತಾಯಿಗೆ ಎಪ್ಪತ್ನಾಲ್ಕು ವರುಷ. ಕಳೆದ ಶ್ರಾವಣದಲ್ಲಿ ಬಚ್ಚಲಲ್ಲಿ ಜಾರಿ ಕೈಯೂರಿದಾಗ ಮಣಿಕಟ್ಟಿನ ಎಲುಬು ಮುರಿಯಿತು. ಬೆಳಗಾವಿಯ ವೈದ್ಯರು ಕೈಗೆ ಕಟ್ಟು ಹಾಕಿದ ತರುವಾಯ ಎಲುಬಿನ ಸಾಂದ್ರತೆಯನ್ನು ಅಳೆಯಿಸಿ, ಇದು ಆಸ್ಟಿಯೊಪೊರೋಸಿಸ್ ಎಂದು ತಿಳಿಸಿ, ವಾರಕ್ಕೊಂದರಂತೆ ಐದು ವರುಷ ನುಂಗಬೇಕಾದ ಗುಳಿಗೆಯನ್ನು ಬರೆದುಕೊಟ್ಟರು. ಹಿರಿಯ ಮಗ, "ಈ ವಯಸ್ಸಿನಾಗ ಐದು ವರ್ಷದ ಔಷಧಿ ತಗೊಂಡು ಏನು ಮಾಡೂದೈತಿ?" ಎನ್ನುತ್ತಾರೆ. ಮಗಳು, "ಅವ್ವನ ವಿಷಯದಾಗ ಲೆಕ್ಕಾ ಹಾಕಬ್ಯಾಡ್ರಿ" ಎನ್ನುತ್ತಾರೆ. ಇತ್ತ ಪತ್ರ ಬರೆದವರ ಧರ್ಮಪತ್ನಿ, ಐವತ್ತೊಂದು ವರುಷದವರು, ಉಚಿತ ಶಿಬಿರವೊಂದರಲ್ಲಿ ಹಿಮ್ಮಡಿಯನ್ನು ಯಂತ್ರದೊಳಗಿಟ್ಟು ಪರೀಕ್ಷಿಸಿಕೊಂಡಾಗ "ಎಲುಬು ಸವೆದಿದೆ" ಎಂಬ ಮಾತು ಕೇಳಿ ಬಂದರು. ಅಂದಿನಿಂದ ಪ್ರತಿ ತಿಂಗಳೂ ಕ್ಯಾಲ್ಸಿಯಂ ಗುಳಿಗೆ, ಡಬ್ಬಿಯ ಪುಡಿ ಮನೆಗೆ ಬರುತ್ತಿವೆ. "ಕಬ್ಬಿನ ಬಿಲ್ಲು ಕೈಸೇರುವವರೆಗೆ ಎರಡೂ ವೆಚ್ಚ ನಮಗೆ ತಡೆಯದು. ಯಾವುದನ್ನು ಬಿಡಬೇಕು?" ಎಂಬುದು ಅವರ ಪ್ರಶ್ನೆ.

ನಾನು ವೈದ್ಯನಲ್ಲ. ಯಾವ ಔಷಧಿಯನ್ನು ಯಾರಿಗೆ ಕೊಡಬೇಕೆಂಬುದು ವೈದ್ಯರ ಅಧಿಕಾರ. ಆದರೆ ಒಂದು ವೆಚ್ಚ ಸಾರ್ಥಕವೋ ವ್ಯರ್ಥವೋ ಎಂದು ಅಳೆಯುವ ರೀತಿಯನ್ನು ಗೃಹಸ್ಥರೂ ತಿಳಿಯಬಲ್ಲರು. 1969ರಷ್ಟು ಹಿಂದೆಯೇ ವಿದ್ಯುತ್ತಿಗಾಗಿ ಸಹಕಾರ ಸಂಘವನ್ನು ಕಟ್ಟಿಕೊಂಡ ಹುಕ್ಕೇರಿಯ ಜನಕ್ಕೆ, ಸಂಕೇಶ್ವರದ ಹಿರಣ್ಯಕೇಶಿ ಕಾರ್ಖಾನೆಯ ಶೇರು ಹಿಡಿದ ರೈತರಿಗೆ, ಲೆಕ್ಕಪತ್ರವೆಂದರೆ ಹೊಸತಲ್ಲ. ನಾನು ಮಠದಲ್ಲಿ ಓದುತ್ತಿದ್ದ ಕಾಲದಲ್ಲಿ ದಾಸೋಹದ ಉಗ್ರಾಣದ ಲೆಕ್ಕವನ್ನು ವಿದ್ಯಾರ್ಥಿಗಳೇ ಬರೆಯಬೇಕಾಗಿತ್ತು. ಕೊನೆಯ ಪಂಕ್ತಿಯವರಿಗೂ ಅನ್ನ ಉಳಿಯಲೆಂದೇ ಜೋಳವನ್ನು ಅಳೆದು ಕೊಡುತ್ತಿದ್ದರು. ಅಳತೆ ಮಾಡಿದವರಿಗೆ ಭಕ್ತಿ ಕಡಿಮೆಯೆಂದು ಅಲ್ಲಿ ಯಾರೂ ತಿಳಿದಿರಲಿಲ್ಲ.

ಬೇನೆಯ ಸ್ವರೂಪ

ಎಲುಬು ಜಡವಸ್ತುವಲ್ಲ. ಅದು ದಿನವೂ ಸ್ವಲ್ಪ ಕರಗಿ, ಸ್ವಲ್ಪ ಕಟ್ಟಿಕೊಳ್ಳುತ್ತಿರುತ್ತದೆ. ಮೂವತ್ತರ ಆಸುಪಾಸಿನವರೆಗೆ ಕಟ್ಟುವ ಕೆಲಸ ಮುಂದಿರುತ್ತದೆ. ಅನಂತರ ಕರಗುವ ಕೆಲಸ ಮುಂದಾಗುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲಿನ ಕೆಲವು ವರುಷ ಈ ಕರಗುವಿಕೆ ಬಹು ವೇಗವಾಗಿ ನಡೆಯುತ್ತದೆ. ಹೊರಗಿನ ಆಕಾರ ಹಾಗೆಯೇ ಇದ್ದು, ಒಳಗಿನ ಜಾಲರಿ ತೆಳುವಾಗಿ, ಸಣ್ಣ ಪೆಟ್ಟಿಗೂ ಮುರಿಯುವ ಸ್ಥಿತಿ ಒದಗುವುದೇ ಆಸ್ಟಿಯೊಪೊರೋಸಿಸ್. ಮುರಿಯುವ ತನಕ ಇದಕ್ಕೆ ನೋವಿಲ್ಲ. ಮಂಡಿನೋವಿಗೂ ಇದಕ್ಕೂ ಸಂಬಂಧವಿಲ್ಲ. ಅದು ಕೀಲಿನ ಸವೆತ, ಬೇರೆಯೇ ಬೇನೆ. ನಮ್ಮಲ್ಲಿ ಎರಡನ್ನೂ "ಎಲುಬು ಸವೆತ" ಎಂದೇ ಕರೆಯುವುದರಿಂದ ಅನೇಕರು ಒಂದರ ಔಷಧಿಯಿಂದ ಇನ್ನೊಂದರ ಗುಣವನ್ನು ನಿರೀಕ್ಷಿಸಿ ನಿರಾಶರಾಗುತ್ತಾರೆ.

ಡೆಕ್ಸಾ ಎಂಬ ಯಂತ್ರದಿಂದ ಸೊಂಟ ಮತ್ತು ಬೆನ್ನಿನ ಎಲುಬನ್ನು ಅಳೆದು, ಆರೋಗ್ಯವಂತ ತರುಣಿಯ ಎಲುಬಿನೊಡನೆ ಹೋಲಿಸಿ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಬಂದರೆ ಆಸ್ಟಿಯೊಪೊರೋಸಿಸ್ ಎನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 1994ರಲ್ಲಿ ಗೊತ್ತುಪಡಿಸಿದರು. ಶಿಬಿರಗಳಲ್ಲಿ ಹಿಮ್ಮಡಿಗೆ ಹಚ್ಚುವ ಧ್ವನಿತರಂಗದ ಯಂತ್ರಕ್ಕೆ ಈ ಗೆರೆ ಅನ್ವಯಿಸುವುದಿಲ್ಲ. ಅದು ಹೆಚ್ಚೆಂದರೆ ಒಂದು ಸೂಚನೆ ಕೊಡಬಲ್ಲುದು. ಅದರ ಚೀಟಿಯನ್ನೇ ರೋಗನಿರ್ಣಯವೆಂದು ತಿಳಿದು ವರುಷಗಟ್ಟಲೆ ಔಷಧಿ ಕೊಳ್ಳುವುದು ಸಲ್ಲದು.

ಮುರಿಯುವ ಎಲುಬುಗಳಲ್ಲಿ ಮುಖ್ಯವಾದವು ಮೂರು: ಮಣಿಕಟ್ಟು, ಬೆನ್ನುಹುರಿಯ ಮಣಿ, ಸೊಂಟದ ಕೀಲಿನ ಬಳಿಯ ತೊಡೆಯೆಲುಬು. ಮಣಿಕಟ್ಟು ಕೂಡಿಕೊಳ್ಳುತ್ತದೆ. ಬೆನ್ನಿನ ಮಣಿಗಳು ಕುಸಿದರೆ ಗೂನು ಬರುತ್ತದೆ, ಎತ್ತರ ಕಡಿಮೆಯಾಗುತ್ತದೆ. "ವಯಸ್ಸಾಯಿತು, ಬಾಗಿದರು" ಎಂದು ನಾವು ಸುಮ್ಮನಾಗುತ್ತೇವೆ. ಸೊಂಟದ ಮುರಿತವಂತೂ ಮನೆಯನ್ನೇ ಅಲುಗಿಸುತ್ತದೆ. ಶಸ್ತ್ರಚಿಕಿತ್ಸೆ ಬೇಕು, ಚಿಕಿತ್ಸೆಯಾದರೂ ಮೊದಲಿನಂತೆ ನಡೆದಾಡುವವರು ಕಡಿಮೆ, ಒಂದು ವರುಷದೊಳಗೆ ಐವರಲ್ಲಿ ಒಬ್ಬರಾದರೂ ತೀರಿಹೋಗುತ್ತಾರೆ. ಹರಿಯಾಣದ ರೋಹ್ಟಕ್ ಜಿಲ್ಲೆಯಲ್ಲಿ 2009ನೆಯ ವರುಷದ ಮುರಿತಗಳನ್ನು ಎಣಿಸಿದಾಗ, ಐವತ್ತು ದಾಟಿದ ಒಂದು ಲಕ್ಷ ಹೆಂಗಸರಲ್ಲಿ 159 ಮಂದಿಗೆ, ಒಂದು ಲಕ್ಷ ಗಂಡಸರಲ್ಲಿ 105 ಮಂದಿಗೆ ಆ ಒಂದೇ ವರುಷದಲ್ಲಿ ಸೊಂಟದ ಎಲುಬು ಮುರಿದಿತ್ತು. ಇದು ಹೆಂಗಸರ ಬೇನೆ ಮಾತ್ರವಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಲೆಕ್ಕದ ಮೊದಲ ಅಂಕಿ: ಅಪಾಯ

"ಈ ಔಷಧಿಗೆ ಹಣ ಹಾಕುವುದು ತಕ್ಕದ್ದೇ?" ಎಂದು ಕೇಳುವಾಗ ನಾವು ಸಾಮಾನ್ಯವಾಗಿ ಔಷಧಿಯ ಗುಣವನ್ನೇ ವಿಚಾರಿಸುತ್ತೇವೆ. ವಾಸ್ತವವಾಗಿ ವಿಚಾರಿಸಬೇಕಾದುದು ತೆಗೆದುಕೊಳ್ಳುವವರ ಅಪಾಯವನ್ನು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಗುಳಿಗೆಯೊಂದಕ್ಕೆ ಐವತ್ತು ರೂಪಾಯಿ ಎಂದು ಹಿಡಿಯಿರಿ. ವರುಷಕ್ಕೆ ಐವತ್ತೆರಡು ವಾರ, 2,600 ರೂಪಾಯಿ; ಐದು ವರುಷಕ್ಕೆ 13,000. ಈ ಚಿಕಿತ್ಸೆ ಸೊಂಟದ ಮುರಿತವನ್ನು ನೂರಕ್ಕೆ ನಲವತ್ತರಷ್ಟು ತಗ್ಗಿಸುತ್ತದೆಯೆಂದು ಇಟ್ಟುಕೊಳ್ಳೋಣ. ಈಗ ಎರಡು ಗುಂಪಿನ ಹೆಂಗಸರನ್ನು ನೋಡಿರಿ. ಮೊದಲ ಗುಂಪಿನಲ್ಲಿ ಮುಂದಿನ ಹತ್ತು ವರುಷದಲ್ಲಿ ನೂರರಲ್ಲಿ ಹತ್ತು ಮಂದಿಗೆ ಸೊಂಟದ ಮುರಿತ ಆಗುವ ಸಂಭವವಿದೆ. ಔಷಧಿಯಿಂದ ಆ ಹತ್ತು ಆರಾಗುತ್ತದೆ. ನೂರರಲ್ಲಿ ನಾಲ್ವರು ಪಾರಾಗುತ್ತಾರೆ. ಎಂದರೆ ಒಬ್ಬರನ್ನು ಪಾರುಮಾಡಲು ಇಪ್ಪತ್ತೈದು ಮಂದಿಗೆ ಔಷಧಿ ಕೊಡಬೇಕು, ಒಟ್ಟು ವೆಚ್ಚ 3,25,000 ರೂಪಾಯಿ. ಎರಡನೆಯ ಗುಂಪಿನಲ್ಲಿ ಸಂಭವ ಇರುವುದು ಇನ್ನೂರರಲ್ಲಿ ಒಬ್ಬರಿಗೆ. ಅಲ್ಲಿ ಒಬ್ಬರನ್ನು ಪಾರುಮಾಡಲು ಐದುನೂರು ಮಂದಿ ಐದು ವರುಷ ಗುಳಿಗೆ ನುಂಗಬೇಕು. ವೆಚ್ಚ 65 ಲಕ್ಷ. ಗುಳಿಗೆ ಅದೇ, ಅಂಗಡಿಯೂ ಅದೇ. ಫಲದಲ್ಲಿ ಮಾತ್ರ ಇಪ್ಪತ್ತು ಪಟ್ಟು ಅಂತರ.

ಇದು ಕೇವಲ ಕಾಗದದ ಮೇಲಿನ ಮಾತಲ್ಲ. ಈ ವಾರದ ಗುಳಿಗೆಯ ಹೆಸರು ಅಲೆಂಡ್ರೊನೇಟ್. ಬೆನ್ನಿನ ಮಣಿ ಮೊದಲೇ ಕುಸಿದಿದ್ದ 2,027 ಹೆಂಗಸರ ಮೇಲೆ ಅಮೆರಿಕದಲ್ಲಿ ಮೂರು ವರುಷ ಇದನ್ನು ಪರೀಕ್ಷಿಸಿ 1996ರಲ್ಲಿ ಫಲವನ್ನು ಪ್ರಕಟಿಸಿದರು. ಹುಸಿ ಗುಳಿಗೆ ನುಂಗಿದವರಲ್ಲಿ ನೂರಕ್ಕೆ 2.2 ಮಂದಿಗೆ, ನಿಜ ಗುಳಿಗೆ ನುಂಗಿದವರಲ್ಲಿ 1.1 ಮಂದಿಗೆ ಸೊಂಟದ ಎಲುಬು ಮುರಿಯಿತು. ನೋವು ಕೊಟ್ಟು ವೈದ್ಯರ ಬಳಿಗೆ ತಂದ ಎಲ್ಲ ಮುರಿತಗಳನ್ನು ಕೂಡಿಸಿದರೆ 18.2 ಇದ್ದದ್ದು 13.6ಕ್ಕೆ ಇಳಿಯಿತು. "ಅರ್ಧಕ್ಕರ್ಧ ಮುರಿತ ತಪ್ಪುತ್ತದೆ" ಎಂಬ ಜಾಹೀರಾತಿನ ಮಾತು ಸುಳ್ಳಲ್ಲ. ಆದರೆ ಯಾವುದರ ಅರ್ಧ ಎಂದು ಕೇಳದಿದ್ದರೆ ಅದು ದಾರಿ ತಪ್ಪಿಸುತ್ತದೆ.

ಒಬ್ಬೊಬ್ಬರ ಅಪಾಯವನ್ನು ಎಣಿಸಲು ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು 2008ರಲ್ಲಿ ಫ್ರ್ಯಾಕ್ಸ್ ಎಂಬ ಎಣಿಕೆಯ ಸಾಧನವನ್ನು ಪ್ರಕಟಿಸಿದರು. ಭಾರತೀಯರಿಗಾಗಿ ಅದರ ಪ್ರತ್ಯೇಕ ಮಾದರಿಯಿದೆ. ವಯಸ್ಸು, ತೂಕ, ಎತ್ತರ, ಹಿಂದೆ ಆದ ಮುರಿತ, ತಂದೆತಾಯಿಗಳಿಗೆ ಆದ ಸೊಂಟದ ಮುರಿತ, ಸ್ಟಿರಾಯ್ಡ್ ಸೇವನೆ, ಆಮವಾತ, ಧೂಮಪಾನ, ಮದ್ಯಪಾನ ಮುಂತಾದವನ್ನು ಕೇಳಿ, ಹತ್ತು ವರುಷದ ಸಂಭವವನ್ನು ಅದು ಹೇಳುತ್ತದೆ. ಡೆಕ್ಸಾ ಪರೀಕ್ಷೆಯಿಲ್ಲದೆಯೂ ಮೊದಲ ಅಂದಾಜು ಸಿಗುವುದರಿಂದ, ಬೆಳಗಾವಿಗೋ ಮಿರಜಿಗೋ ಹೋಗಿಬರುವ ಖರ್ಚು ಯಾರಿಗೆ ಬೇಕು, ಯಾರಿಗೆ ಬೇಡವೆಂಬುದನ್ನು ತಾಲೂಕಿನ ವೈದ್ಯರೇ ತೀರ್ಮಾನಿಸಬಲ್ಲರು. ಆದರೆ ನಮ್ಮ ಗಡಿಭಾಗದ ಕೆಲವು ಸಂಗತಿಗಳನ್ನು ಆ ಸಾಧನ ಕೇಳುವುದಿಲ್ಲ. ಬೀಡಿ ಸೇದುವಿರಾ ಎಂದು ಕೇಳುತ್ತದೆ. ಹಲ್ಲಿಗೆ ಮಿಶ್ರಿ ತಿಕ್ಕುವಿರಾ, ತಂಬಾಕು ಅಗಿಯುವಿರಾ ಎಂದು ಕೇಳುವುದಿಲ್ಲ. ವರುಷಕ್ಕೆ ಎಷ್ಟು ಸಲ ಬಿದ್ದಿರೆಂದೂ ಕೇಳುವುದಿಲ್ಲ. ಇವನ್ನು ನಾವೇ ವೈದ್ಯರಿಗೆ ಹೇಳಬೇಕು. ಮೂವತ್ತೈದು, ನಲವತ್ತರಲ್ಲಿಯೇ ಗರ್ಭಕೋಶ ತೆಗೆಸಿಕೊಂಡ, ಅದರೊಡನೆ ಅಂಡಾಶಯವನ್ನೂ ಕಳೆದುಕೊಂಡ ತಾಯಂದಿರು ನಮ್ಮ ಭಾಗದಲ್ಲಿ ಇದ್ದಾರೆ. ಅವರ ಎಲುಬು ಇತರರಿಗಿಂತ ಬಹಳ ಮುಂಚೆ ಕರಗತೊಡಗುತ್ತದೆ. ಕೀಲುನೋವಿಗೆಂದು ಹೆಸರಿಲ್ಲದ ಪುಡಿ, ಗುಳಿಗೆಗಳನ್ನು ತಿಂಗಳುಗಟ್ಟಲೆ ನುಂಗಿದವರೂ ಅದನ್ನು ಮುಚ್ಚಿಡಬಾರದು. ಅಂಥವುಗಳಲ್ಲಿ ಸ್ಟಿರಾಯ್ಡ್ ಬೆರೆತಿರುವುದುಂಟು.

ಎರಡನೆಯ ಅಂಕಿ: ಬೆಲೆ

ಬೆಲೆ ಬದಲಾದರೆ ತೀರ್ಪೂ ಬದಲಾಗುತ್ತದೆಂಬುದಕ್ಕೆ ಹೊರದೇಶಗಳ ಎರಡು ದೃಷ್ಟಾಂತಗಳಿವೆ. ಅಮೆರಿಕದ ಆಸ್ಟಿಯೊಪೊರೋಸಿಸ್ ಪ್ರತಿಷ್ಠಾನ 2008ರಲ್ಲಿ, ಎಲುಬು ತುಸು ತೆಳುವಾದವರಿಗೆ ಹತ್ತು ವರುಷದ ಸೊಂಟದ ಮುರಿತದ ಸಂಭವ ನೂರಕ್ಕೆ ಮೂರು ಇದ್ದರೆ ಔಷಧಿ ಕೊಡಬಹುದೆಂದು ಹೇಳಿತು. ನಮ್ಮ ವೈದ್ಯರೂ ಆ ಮೂರನ್ನು ಉಲ್ಲೇಖಿಸುವುದುಂಟು. ಆದರೆ ಅದು ದೇಹಶಾಸ್ತ್ರ ಕೊಟ್ಟ ಅಂಕಿಯಲ್ಲ. ಔಷಧಿಗೆ ವರುಷಕ್ಕೆ 600 ಡಾಲರು ತಗಲುತ್ತದೆ, ಐದು ವರುಷ ಕೊಡಬೇಕು, ಮುರಿತ ನೂರಕ್ಕೆ 35ರಷ್ಟು ತಗ್ಗುತ್ತದೆ, ಆರೋಗ್ಯದಿಂದ ಬಾಳುವ ಒಂದು ವರುಷಕ್ಕೆ ಆ ಸಮಾಜ 60,000 ಡಾಲರು ಕೊಡಲು ಸಿದ್ಧವಿದೆ ಎಂದು ಹಿಡಿದು ಮಾಡಿದ ಲೆಕ್ಕದಿಂದ ಬಂದದ್ದು. ಅವರ ಬೆಲೆಗೆ, ಅವರ ಆದಾಯಕ್ಕೆ ಅದು ಸರಿ. ಘಟಪ್ರಭೆಯ ದಂಡೆಯ ರೈತನಿಗೆ ಅದೇ ಅಂಕಿಯನ್ನು ಹಾಗೆಯೇ ಹಚ್ಚಲಾಗದು.

ಬ್ರಿಟನ್ನಿನಲ್ಲಿ ಸರಕಾರಿ ಆರೋಗ್ಯ ಸೇವೆಗೆ ಸಲಹೆ ಕೊಡುವ ನೈಸ್ ಎಂಬ ಸಂಸ್ಥೆ 2017ರಲ್ಲಿ ಇದೇ ವಿಚಾರವನ್ನು ಪರಿಶೀಲಿಸಿತು. ಅಷ್ಟು ಹೊತ್ತಿಗೆ ಪೇಟೆಂಟು ಮುಗಿದು ಗುಳಿಗೆ ಅತಿ ಅಗ್ಗವಾಗಿತ್ತು. ಆದುದರಿಂದ ಮುರಿತದ ಸಂಭವ ನೂರಕ್ಕೆ ಒಂದು ಇದ್ದರೂ ಗುಳಿಗೆಯ ವೆಚ್ಚ ಸಾರ್ಥಕವೆಂದೂ, ರಕ್ತನಾಳದ ಮೂಲಕ ಕೊಡುವ ಔಷಧಿಗಾದರೆ ನೂರಕ್ಕೆ ಹತ್ತು ಇರಬೇಕೆಂದೂ ಅದು ಹೇಳಿತು. ಇದು ವೆಚ್ಚದ ಗೆರೆ ಮಾತ್ರ, ಒಂದು ಇದ್ದವರೆಲ್ಲರಿಗೂ ಔಷಧಿ ಕೊಡಿರೆಂಬ ಆಜ್ಞೆಯಲ್ಲವೆಂದೂ ಸ್ಪಷ್ಟಪಡಿಸಿತು.

ನಮ್ಮ ಮನೆಗಳಿಗೆ ಇದರಿಂದ ದೊರೆಯುವ ಪಾಠ ಸರಳವಾದುದು. ಔಷಧಿಯ ಮೂಲ ಹೆಸರನ್ನು ಬರೆದುಕೊಡಿರೆಂದು ವೈದ್ಯರನ್ನು ವಿನಯದಿಂದ ಕೇಳಬೇಕು. ಆ ಹೆಸರನ್ನು ಹಿಡಿದು ಎರಡು ಅಂಗಡಿಗಳಲ್ಲಿಯೂ ಜನೌಷಧಿ ಕೇಂದ್ರದಲ್ಲಿಯೂ ಬೆಲೆ ವಿಚಾರಿಸಬೇಕು. ಮೇಲಿನ ಲೆಕ್ಕದಲ್ಲಿ ಗುಳಿಗೆಗೆ ಐವತ್ತರ ಬದಲು ಇಪ್ಪತ್ತು ರೂಪಾಯಿ ಎಂದು ಹಾಕಿ ನೋಡಿರಿ. ಹೆಚ್ಚು ಅಪಾಯದ ಗುಂಪಿನಲ್ಲಿ ಒಬ್ಬರನ್ನು ಪಾರುಮಾಡುವ ವೆಚ್ಚ 3,25,000ದಿಂದ 1,30,000ಕ್ಕೆ ಇಳಿಯುತ್ತದೆ.

ಉಳಿತಾಯ ಮತ್ತು ಸಾರ್ಥಕತೆ

ಸೊಂಟದ ಒಂದು ಮುರಿತಕ್ಕೆ ಶಸ್ತ್ರಚಿಕಿತ್ಸೆ, ಓಡಾಟ, ಆರೈಕೆ ಎಲ್ಲ ಕೂಡಿ ಎರಡು ಲಕ್ಷ ರೂಪಾಯಿ ಎಂದು ಹಿಡಿದರೆ, ಇಪ್ಪತ್ತು ರೂಪಾಯಿಯ ಗುಳಿಗೆ ತನ್ನ ವೆಚ್ಚವನ್ನು ತಾನೇ ತೀರಿಸಿ ಮೇಲೆ ಉಳಿತಾಯವನ್ನೂ ತರುತ್ತದೆ. ಐವತ್ತು ರೂಪಾಯಿಯದಾದರೆ ಉಳಿತಾಯವಿಲ್ಲ. ಒಂದೂಕಾಲು ಲಕ್ಷ ಕೈಯಿಂದ ಹೋಗುತ್ತದೆ. ಹಾಗಾದರೆ ಅದು ವ್ಯರ್ಥವೇ? ಇಲ್ಲ. ಆ ಹಣಕ್ಕೆ ಒಬ್ಬ ತಾಯಿ ತನ್ನ ಕಾಲಮೇಲೆ ನಡೆದಾಡುವ ವರುಷಗಳು ದೊರೆಯುತ್ತವೆ. ಉಳಿತಾಯವಾಗದಿದ್ದರೂ ವೆಚ್ಚಕ್ಕೆ ತಕ್ಕ ಫಲ ದೊರೆಯಿತೇ ಎಂಬುದೇ ಪ್ರಶ್ನೆ. ಇದನ್ನು ಅಳೆಯಲು ತಜ್ಞರು ಗುಣಭರಿತ ಆಯುಷ್ಯವರ್ಷವೆಂಬ ಮಾನವನ್ನು ಬಳಸುತ್ತಾರೆ. ಪೂರ್ಣ ಆರೋಗ್ಯದ ಒಂದು ವರುಷಕ್ಕೆ ಒಂದು ಅಂಕ. ಹಾಸಿಗೆ ಹಿಡಿದು ಕಳೆದ ವರುಷಕ್ಕೆ ಅದಕ್ಕಿಂತ ಕಡಿಮೆ. ಒಂದು ಅಂಕಕ್ಕೆ ಎಷ್ಟು ಹಣ ತಕ್ಕದ್ದೆಂದು ಸಮಾಜ ನಿರ್ಧರಿಸಬೇಕು. ದೇಶದ ತಲಾ ಉತ್ಪನ್ನದ ಒಂದರಿಂದ ಮೂರು ಪಟ್ಟು ಎಂಬ ಮಾತು ಬಹುಕಾಲ ಚಲಾವಣೆಯಲ್ಲಿತ್ತು. ಬಡ ದೇಶಗಳಿಗೆ ಅದು ಅತಿಯಾಯಿತೆಂದು ತಜ್ಞರೇ ಆಮೇಲೆ ಆಕ್ಷೇಪಿಸಿದರು. ಇಂಥ ತುಲನೆಗಳಿಗಾಗಿಯೇ ನಮ್ಮ ಕೇಂದ್ರ ಸರಕಾರದ ಆರೋಗ್ಯ ಸಂಶೋಧನಾ ಇಲಾಖೆ 2017ರಲ್ಲಿ ಒಂದು ವ್ಯವಸ್ಥೆಯನ್ನು ಆರಂಭಿಸಿದೆ.

ಸರಕಾರದ ಲೆಕ್ಕದಲ್ಲಿ ಕಾಣದ ಒಂದು ಬಾಬ್ತು ಮನೆಯ ಲೆಕ್ಕದಲ್ಲಿ ದೊಡ್ಡದು. ಅತ್ತೆ ಹಾಸಿಗೆ ಹಿಡಿದರೆ ಸೊಸೆಯ ಹೊಲದ ಕೆಲಸ ನಿಲ್ಲುತ್ತದೆ, ಇಲ್ಲವೆ ಮೊಮ್ಮಗಳ ಕಾಲೇಜು ನಿಲ್ಲುತ್ತದೆ. ಅದಕ್ಕೆ ಯಾರೂ ಪಾವತಿ ಬರೆದುಕೊಡುವುದಿಲ್ಲ. ಲೆಕ್ಕಕ್ಕೆ ಕೂತವರು ಆ ಬಾಬ್ತನ್ನು ಸೇರಿಸದೆ ಮೊತ್ತ ಹಾಕಬಾರದು.

ಯಾರ ಹಣ?

2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಯ ಕೆಳಗಿನ ಕುಟುಂಬಕ್ಕೆ ವರುಷಕ್ಕೆ ಐದು ಲಕ್ಷ ರೂಪಾಯಿವರೆಗೆ ಆಸ್ಪತ್ರೆಯ ಚಿಕಿತ್ಸೆ ದೊರೆಯುತ್ತದೆ. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಆರಂಭವಾಗಿ, 2018ರಲ್ಲಿ ಅದರೊಳಗೆ ವಿಲೀನವಾಗಿದ್ದ ಯಶಸ್ವಿನಿ ಯೋಜನೆಯೂ 2022–23ರಲ್ಲಿ ಮತ್ತೆ ಚಾಲನೆ ಪಡೆಯಿತು. ಇವೆರಡೂ ಶ್ಲಾಘ್ಯವಾದ ಯೋಜನೆಗಳು. ಆದರೆ ಇವುಗಳ ದೃಷ್ಟಿ ಇರುವುದು ಆಸ್ಪತ್ರೆಗೆ ಸೇರಿ ಪಡೆಯುವ ಚಿಕಿತ್ಸೆಯ ಮೇಲೆ. ವಾರವಾರವೂ ಮನೆಯಲ್ಲಿ ನುಂಗುವ ಗುಳಿಗೆ ಆ ಲೆಕ್ಕದೊಳಗೆ ಬರುವುದಿಲ್ಲ. ಎಲುಬು ಮುರಿದ ಮೇಲಿನ ದೊಡ್ಡ ವೆಚ್ಚವನ್ನು ಸರಕಾರ ಹೊರುತ್ತದೆ, ಮುರಿಯದಂತೆ ಮಾಡುವ ಸಣ್ಣ ವೆಚ್ಚವನ್ನು ಮನೆಯವರು ಹೊರಬೇಕು. ಆದುದರಿಂದ ಕೈಯಲ್ಲಿ ಕಾಸಿಲ್ಲದ ಗೃಹಸ್ಥನಿಗೆ ಗುಳಿಗೆ ಬಿಡುವುದೇ ಲಾಭವೆಂದು ತೋರಿದರೆ ಆಶ್ಚರ್ಯವಿಲ್ಲ. ಮುರಿತದ ಕೂಡ ಬರುವ ನೋವು, ಪರಾಧೀನತೆಗಳನ್ನು ಯಾವ ಕಾರ್ಡೂ ಭರಿಸುವುದಿಲ್ಲವೆಂಬುದನ್ನು ಆಗ ನೆನೆಯಬೇಕು. ಹೆಚ್ಚು ಅಪಾಯವಿರುವ ಹಿರಿಯರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿಯೇ ಈ ಗುಳಿಗೆ ಉಚಿತವಾಗಿ ಸಿಗುವಂತಾದರೆ ಸರಕಾರಕ್ಕೂ ಹಿತ, ಜನರಿಗೂ ಹಿತ.

ನುಂಗದ ಗುಳಿಗೆ

ಕೊಂಡು ತಂದು ಡಬ್ಬಿಯಲ್ಲಿಟ್ಟ ಗುಳಿಗೆಯಷ್ಟು ದುಬಾರಿಯಾದುದು ಬೇರೊಂದಿಲ್ಲ. ಈ ಚಿಕಿತ್ಸೆಯನ್ನು ಆರಂಭಿಸಿದವರಲ್ಲಿ ಸುಮಾರು ಅರ್ಧದಷ್ಟು ಜನ ವರುಷದೊಳಗೇ ಬಿಟ್ಟುಬಿಡುತ್ತಾರೆಂಬುದು ಅನೇಕ ದೇಶಗಳ ಅನುಭವ. ನುಂಗುವ ಕ್ರಮವೂ ಕಟ್ಟುನಿಟ್ಟಾದುದು. ಬರಿಹೊಟ್ಟೆಯಲ್ಲಿ, ತುಂಬಿದ ಲೋಟ ಬರಿಯ ನೀರಿನೊಡನೆ ನುಂಗಬೇಕು. ಚಹಾ, ಹಾಲು ಕೂಡದು. ಅನಂತರ ಅರ್ಧ ಗಂಟೆ ಏನನ್ನೂ ತಿನ್ನದೆ, ಮಲಗದೆ, ನೆಟ್ಟಗೆ ಕೂತಿರಬೇಕು ಇಲ್ಲವೆ ಅಡ್ಡಾಡಬೇಕು. ತಪ್ಪಿದರೆ ಗುಳಿಗೆ ರಕ್ತಕ್ಕೆ ಸೇರದು, ಅನ್ನನಾಳಕ್ಕೆ ಹುಣ್ಣಾದೀತು. ನಮ್ಮ ಹಿರಿಯ ತಾಯಂದಿರಿಗೆ ಇದು ಕಷ್ಟವಾಗಬೇಕಿಲ್ಲ. ಇಷ್ಟಲಿಂಗ ಪೂಜೆ ಮುಗಿಯುವವರೆಗೆ ಏನನ್ನೂ ಸೇವಿಸದ ರೂಢಿ ಅವರಿಗೆ ಇದ್ದೇ ಇದೆ. ವಾರದ ಒಂದು ದಿನ, ಸೋಮವಾರವೆನ್ನೋಣ, ಪೂಜೆಯಾದ ಮೇಲೆ ಗುಳಿಗೆ, ಅರ್ಧ ಗಂಟೆ ಬಿಟ್ಟು ಪ್ರಸಾದ ಎಂದು ಗೊತ್ತುಮಾಡಿಕೊಂಡರೆ ಮರೆಯುವ ಸಂಭವವೂ ಕಡಿಮೆ.

ಗುಳಿಗೆ ಒಗ್ಗದವರಿಗೆ ವರುಷಕ್ಕೊಮ್ಮೆ ರಕ್ತನಾಳದಲ್ಲಿ ಕೊಡುವ ಜೊಲೆಡ್ರೊನಿಕ್ ಆಮ್ಲವೆಂಬ ಔಷಧಿಯಿದೆ. ಸೊಂಟದ ಮುರಿತಕ್ಕೆ ಶಸ್ತ್ರಚಿಕಿತ್ಸೆಯಾದ 2,127 ಮಂದಿಗೆ ತೊಂಬತ್ತು ದಿನಗಳೊಳಗೆ ಆರಂಭಿಸಿ ನಡೆಸಿದ, 2007ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಹೊಸ ಮುರಿತಗಳು ನೂರಕ್ಕೆ 13.9ರಿಂದ 8.6ಕ್ಕೂ, ಮರಣಗಳು 13.3ರಿಂದ 9.6ಕ್ಕೂ ಇಳಿದವು. ಒಮ್ಮೆ ಸೊಂಟ ಮುರಿದವರಿಗೆ ಎಲುಬಿನ ಔಷಧಿ ಎಲ್ಲರಿಗಿಂತ ಹೆಚ್ಚು ಫಲ ಕೊಡುತ್ತದೆ. ಆದರೂ ರಾಡು ಹಾಕಿಸಿಕೊಂಡು ಮನೆಗೆ ಬರುವಾಗಿನ ಚೀಟಿಯಲ್ಲಿ ನೋವಿನ ಗುಳಿಗೆ ಇರುತ್ತದೆ, ಎಲುಬಿನ ಔಷಧಿ ಎಷ್ಟೋ ಸಲ ಇರುವುದಿಲ್ಲ. ಆಸ್ಪತ್ರೆಯಿಂದ ಹೊರಡುವ ಮುನ್ನ ಮನೆಯವರೇ ಅದನ್ನು ವಿಚಾರಿಸಬೇಕು. ಮೂತ್ರಪಿಂಡ ತೀರ ದುರ್ಬಲವಾದವರಿಗೆ ಈ ಔಷಧಿಗಳು ಸಲ್ಲವಾದುದರಿಂದ ರಕ್ತಪರೀಕ್ಷೆ ಮೊದಲು ಆಗಬೇಕು.

ಆರು ತಿಂಗಳಿಗೊಮ್ಮೆ ಚರ್ಮದಡಿ ಚುಚ್ಚುವ ಡೆನೊಸುಮ್ಯಾಬ್ ಎಂಬ ಇನ್ನೊಂದು ಔಷಧಿಯಿದೆ. ಪರಿಣಾಮಕಾರಿಯೇ ಸರಿ. ಆದರೆ ಬೇರೆ ಔಷಧಿ ಹಿಡಿಯದೆ ಅದನ್ನು ಅರ್ಧದಲ್ಲಿ ನಿಲ್ಲಿಸಿದರೆ ಎಲುಬು ವೇಗವಾಗಿ ಕರಗಿ, ಬೆನ್ನಿನ ಮಣಿಗಳು ಒಂದರ ಹಿಂದೊಂದು ಕುಸಿಯಬಹುದು. ಬೆಳೆ ಬಂದ ವರುಷ ಚುಚ್ಚಿಸಿ, ಬಾರದ ವರುಷ ಬಿಡುವ ಮನೆಯವರು ಅದನ್ನು ಆರಂಭಿಸದಿರುವುದೇ ಕ್ಷೇಮ. ಗುಳಿಗೆಯನ್ನಾದರೋ ಐದು ವರುಷಕ್ಕೆ ನಿಲ್ಲಿಸಿ ಪುನಃ ಪರಿಶೀಲಿಸುವುದು ರೂಢಿ. ಅದರ ಫಲ ಕೆಲಕಾಲ ಎಲುಬಿನಲ್ಲಿಯೇ ಉಳಿದಿರುತ್ತದೆ. ದವಡೆಯ ಎಲುಬು ಕೊಳೆಯುವುದು, ತೊಡೆಯೆಲುಬು ವಿಚಿತ್ರ ರೀತಿಯಲ್ಲಿ ಬಿರುಕುಬಿಡುವುದು ಮುಂತಾದ ತೊಂದರೆಗಳು ಅತಿ ವಿರಳ. ಹಲ್ಲು ಕೀಳಿಸುವುದಿದ್ದರೆ ಔಷಧಿಗೆ ಮೊದಲೇ ಕೀಳಿಸಿಕೊಳ್ಳುವುದು ಒಳಿತು.

ಪತ್ರಕ್ಕೆ ಉತ್ತರ

ಇಷ್ಟು ತಿಳಿದ ಮೇಲೆ ಉತ್ತರ ಕಠಿಣವಲ್ಲ. ತಾಯಿಯವರ ವಯಸ್ಸು ಎಪ್ಪತ್ತನ್ನು ದಾಟಿದೆ, ಸಣ್ಣ ಬೀಳಿನಿಂದ ಎಲುಬು ಮುರಿದಿದೆ, ಡೆಕ್ಸಾ ಅಳತೆಯೂ ಗೆರೆಯ ಕೆಳಗಿದೆ. ಔಷಧಿಯ ಫಲ ಅಧಿಕವಾಗಿ ದೊರೆಯುವುದು ಇಂಥವರಿಗೇ. "ಈ ವಯಸ್ಸಿನಲ್ಲಿ ಏಕೆ?" ಎಂಬ ಹಿರಿಯ ಮಗನ ಮಾತು ಲೋಕರೂಢಿಯ ಮಾತು, ಲೆಕ್ಕ ಅದನ್ನು ಒಪ್ಪುವುದಿಲ್ಲ. ವಯಸ್ಸೇ ಅಪಾಯವನ್ನು ಹೆಚ್ಚಿಸುತ್ತದೆ, ಆದುದರಿಂದ ವಯಸ್ಸಾದವರಲ್ಲಿಯೇ ಹಣಕ್ಕೆ ಹೆಚ್ಚು ಫಲ. ಔಷಧಿಯ ಗುಣ ಕಾಣಲು ಹತ್ತು ವರುಷ ಕಾಯಬೇಕಿಲ್ಲ, ಒಂದು ಒಂದೂವರೆ ವರುಷದೊಳಗೇ ಮುರಿತಗಳು ತಗ್ಗತೊಡಗುತ್ತವೆ. ನಮ್ಮ ದೇಶದಲ್ಲಿ ಎಪ್ಪತ್ತು ತಲುಪಿದ ಹೆಂಗಸು ಸರಾಸರಿ ಇನ್ನೂ ಹತ್ತು ವರುಷವಾದರೂ ಬಾಳುತ್ತಾಳೆ. ಹಾಸಿಗೆಯಿಂದ ಏಳಲಾರದವರಿಗೆ, ಬೇರೊಂದು ರೋಗದಿಂದ ದಿನಗಳನ್ನೆಣಿಸುತ್ತಿರುವವರಿಗೆ ಈ ಔಷಧಿ ಬೇಡವೆನ್ನುವುದು ನ್ಯಾಯ. ನಡೆದಾಡುವ ತಾಯಿಗೆ ಬೇಡವೆನ್ನುವುದು ನ್ಯಾಯವಲ್ಲ.

"ಲೆಕ್ಕ ಹಾಕಬೇಡಿರಿ" ಎಂಬ ಮಗಳ ಮಾತಿನಲ್ಲಿ ಪ್ರೀತಿಯಿದೆ. ಆದರೆ ಲೆಕ್ಕ ಹಾಕಿದ್ದರಿಂದಲೇ ಅವರ ಪಕ್ಷಕ್ಕೆ ಬಲ ಬಂದಿತೆಂಬುದನ್ನು ಅವರು ಗಮನಿಸಬೇಕು.

ಇನ್ನು ಐವತ್ತೊಂದರ ಗೃಹಿಣಿ. ಅವರಿಗೆ ಹಿಂದೆ ಮುರಿತವಾಗಿಲ್ಲ, ಬೇರೆ ಕಾರಣಗಳೂ ಪತ್ರದಲ್ಲಿ ಕಾಣುವುದಿಲ್ಲ. ಹಿಮ್ಮಡಿಯ ಚೀಟಿಯನ್ನು ಬದಿಗಿಟ್ಟು, ವೈದ್ಯರಲ್ಲಿ ಒಮ್ಮೆ ಅಪಾಯವನ್ನು ಎಣಿಸಿಕೊಳ್ಳಲಿ. ಅಲ್ಲಿಯವರೆಗೆ ಡಬ್ಬಿಯ ಪುಡಿಯನ್ನು ನಿಲ್ಲಿಸಿದರೆ ನಷ್ಟವಿಲ್ಲ. ತಮ್ಮ ಮನೆಗಳಲ್ಲಿ ಸ್ವತಂತ್ರವಾಗಿ ಬಾಳುವ ಐವತ್ತು ದಾಟಿದವರಲ್ಲಿ ಕ್ಯಾಲ್ಸಿಯಂ, ಡಿ ಜೀವಸತ್ವದ ಗುಳಿಗೆಗಳಿಂದ ಮುರಿತ ತಗ್ಗಿದ ಆಧಾರ ಸಿಗಲಿಲ್ಲವೆಂದು, ಅನೇಕ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದ 2017ರ ಅಧ್ಯಯನವೊಂದು ತಿಳಿಸಿತು. ಮುಟ್ಟು ನಿಂತ ಹೆಂಗಸಿಗೆ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಗೊತ್ತುಮಾಡಿದೆ. ನಮ್ಮ ಜೋಳದಲ್ಲಿ ಅದು ಅಲ್ಪ. ಎಮ್ಮೆಯ ಹಾಲಿನ ದೊಡ್ಡ ಲೋಟದಲ್ಲಿ 240ರಷ್ಟಿದೆ, ರಾಗಿಯ ನೂರು ಗ್ರಾಮಿನಲ್ಲಿ 360ರ ಆಸುಪಾಸು ಇದೆ, ನುಗ್ಗೆಸೊಪ್ಪಿನಲ್ಲಿಯೂ ಧಾರಾಳವಾಗಿದೆ. ಹಾಲನ್ನೆಲ್ಲ ಡೇರಿಗೆ ಹಾಕಿ, ಬಂದ ಹಣದಲ್ಲಿ ಕ್ಯಾಲ್ಸಿಯಂ ಡಬ್ಬಿ ಕೊಳ್ಳುವ ವ್ಯವಹಾರವನ್ನು ಆ ಮನೆಯವರು ಇನ್ನೊಮ್ಮೆ ಯೋಚಿಸಲಿ. ತಾಯಿಯವರಿಗಾದರೋ ಔಷಧಿಯೊಡನೆ ಕ್ಯಾಲ್ಸಿಯಂ, ಡಿ ಜೀವಸತ್ವ ಕೊರತೆಯಾಗದಂತೆ ವೈದ್ಯರ ಸಲಹೆಯಂತೆ ನೋಡಿಕೊಳ್ಳಬೇಕು.

ಪತ್ರದಲ್ಲಿ ಹಿರಿಯ ಮಗನ ಮಾತಿದೆ, ಮಗಳ ಮಾತಿದೆ, ಬರೆದವರ ಮಾತೂ ಇದೆ. ತಾಯಿಯವರ ಮಾತು ಎಲ್ಲಿಯೂ ಇಲ್ಲ. ಗುಳಿಗೆ ನುಂಗಬೇಕಾದವರು ಅವರು, ಬಿದ್ದರೆ ನೋಯುವವರೂ ಅವರು. ಎಷ್ಟು ಖರ್ಚು, ಎಷ್ಟು ಫಲ ಎಂಬುದನ್ನು ಅವರಿಗೆ ತಿಳಿಯುವಂತೆ ಹೇಳಿ, ಅವರ ಇಚ್ಛೆಯನ್ನು ಕೇಳುವುದು ಮಕ್ಕಳ ಮೊದಲ ಕರ್ತವ್ಯ.

ಚೀಟಿ ಹಿಡಿದ ಪ್ರತಿಯೊಬ್ಬರಿಗೆ

ಇಂಥ ಚೀಟಿ ಕೈಗೆ ಬಂದಾಗ ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು ಕೆಲವೇ. ಹತ್ತು ವರುಷದಲ್ಲಿ ಇವರಿಗೆ ಎಲುಬು ಮುರಿಯುವ ಸಂಭವ ನೂರಕ್ಕೆ ಎಷ್ಟು? ಔಷಧಿಯಿಂದ ಅದು ಎಷ್ಟಕ್ಕೆ ಇಳಿಯುತ್ತದೆ? ಮೂಲ ಹೆಸರಿನಲ್ಲಿ ಇದರ ಬೆಲೆಯೆಷ್ಟು, ಎಷ್ಟು ವರುಷ ಬೇಕು? ನಡುವೆ ನಿಲ್ಲಿಸಿದರೆ ಏನಾಗುತ್ತದೆ? ಇದನ್ನು ಕೇಳಿದ್ದಕ್ಕೆ ಒಳ್ಳೆಯ ವೈದ್ಯರು ಕೋಪಗೊಳ್ಳುವುದಿಲ್ಲ.

ಔಷಧಿ ಕೊಳ್ಳಲಿ ಬಿಡಲಿ, ಪ್ರತಿಯೊಂದು ಮನೆಯಲ್ಲಿಯೂ ಆಗಬೇಕಾದ ಕೆಲಸಗಳಿವೆ. ಬೀಳದಿದ್ದರೆ ಸೊಂಟ ಮುರಿಯುವುದು ಅಪರೂಪ. ಬಚ್ಚಲಿನ ನುಣುಪು ಕಲ್ಲನ್ನು ಒರಟು ಮಾಡಿಸಿ, ಗೋಡೆಗೆ ಕೈ ಹಿಡಿಯಲು ಒಂದು ಕೊಳವೆ ಹಾಕಿಸಿರಿ. ಎತ್ತರದ ಹೊಸ್ತಿಲಿಗೆ ಒಂದು ಮೆಟ್ಟಿಲು ಕಟ್ಟಿಸಿರಿ. ಹಾಸಿಗೆಯಿಂದ ಬಚ್ಚಲಿನವರೆಗೆ ರಾತ್ರಿ ಒಂದು ಸಣ್ಣ ದೀಪ ಉರಿಯಲಿ. ಕಣ್ಣಿಗೆ ಪೊರೆ ಬಂದಿದ್ದರೆ ತೆಗೆಸಿರಿ. ನಿದ್ರೆಯ ಗುಳಿಗೆ ನುಂಗುತ್ತಿದ್ದರೆ ಬಿಡಬಹುದೇ ಎಂದು ವೈದ್ಯರನ್ನು ಕೇಳಿರಿ. ಸಂಜೆ ಮುಂಜಾನೆ ಬಿಸಿಲಿನಲ್ಲಿ ನಾಲ್ಕು ಹೆಜ್ಜೆ ನಡೆಯಲು ಜೊತೆಗೆ ಹೋಗಿರಿ. ಇವೆಲ್ಲಕ್ಕೂ ಕೂಡಿ ಆಗುವ ವೆಚ್ಚ ಒಂದು ವರುಷದ ಡಬ್ಬಿ ಪುಡಿಯ ವೆಚ್ಚವನ್ನು ಮೀರಲಿಕ್ಕಿಲ್ಲ. ಮತ್ತು ಇದರ ಫಲ ಆ ಮನೆಗೆ ಬಂದುಹೋಗುವ ಹಿರಿಯರೆಲ್ಲರಿಗೂ ದೊರೆಯುತ್ತದೆ.